ರೇಡಿಯೋ ಕೇಳದಿದ್ದರೆ ಮೊದಲು ಭೀಮೆಯತ್ತ ತಿರುಗಲಿ: ಕಲಬುರಗಿ–ಬೀದರ್ ಆಕಾಶದ ಕುರಿತು ಬಹಿರಂಗ ಪತ್ರ

ಕಲಬುರಗಿ–ಬೀದರ್ ಭಾಗದ ವಾಯು ಸಂಚಾರ ನಿಯಂತ್ರಣದ ಹೊಣೆ ಹೊತ್ತ ನಾಗರಿಕ ಹಾಗೂ ವಾಯುಪಡೆಯ ಅಧಿಕಾರಿಗಳಿಗೆ, ಮತ್ತು ಹಾರಾಟ ತರಬೇತಿ ಶಾಲೆಗಳ ಮುಖ್ಯ ಬೋಧಕರಿಗೆ,

ವಿಷಯ: ನಿರ್ಬಂಧಿತ ವಾಯುಪ್ರದೇಶದ ಅಂಚಿನಲ್ಲಿ ರೇಡಿಯೋ ಸಂಪರ್ಕ ಕಡಿದಾಗ ಎಲ್ಲರೂ ಪಾಲಿಸಬೇಕಾದ ಒಂದೇ ಕ್ರಮದ ಕುರಿತು.

ಮಾನ್ಯರೇ,

ಶರಣು ಶರಣಾರ್ಥಿ.

ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್ 22ರಂದು ಉದ್ಘಾಟನೆಯಾಯಿತು. 3,175 ಮೀಟರ್ ಉದ್ದದ ರನ್‌ವೇ ಇರುವ, ವಿಮಾನಗಳ ದಟ್ಟಣೆ ಕಡಿಮೆ ಇರುವ ಈ ಜಾಗ ಹಾರಾಟ ಕಲಿಯಲು ಹೇಳಿ ಮಾಡಿಸಿದಂಥದ್ದು. 2021ರಲ್ಲಿ ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರವು ತರಬೇತಿ ಶಾಲೆಗಳಿಗೆಂದು ಆರಿಸಿದ ಐದು ನಿಲ್ದಾಣಗಳಲ್ಲಿ ಬೆಳಗಾವಿಯ ಜೊತೆ ಕಲಬುರಗಿಯೂ ಸೇರಿತು. ಇಲ್ಲಿಂದ ಈಶಾನ್ಯಕ್ಕೆ, ಆಕಾಶದ ಲೆಕ್ಕದಲ್ಲಿ ಸುಮಾರು 85 ಕಿ.ಮೀ. ದೂರದಲ್ಲಿ ಬೀದರ್ ವಾಯುನೆಲೆ ಇದೆ. ಅಲ್ಲಿ ಯುದ್ಧವಿಮಾನದ ಪೈಲಟ್‌ಗಳು ಹಾಕ್ ಜೆಟ್‌ನಲ್ಲಿ ತರಬೇತಿ ಪಡೆಯುತ್ತಾರೆ. ಸೂರ್ಯಕಿರಣ್ ತಂಡದ ಮನೆಯೂ ಅದೇ. 2020ರ ಫೆಬ್ರುವರಿಯಿಂದ ಅಲ್ಲಿ ನಾಗರಿಕ ಟರ್ಮಿನಲ್ ಕೂಡ ಇದೆ. ಆದರೆ ರನ್‌ವೇಯೂ ಟವರೂ ವಾಯುಪಡೆಯವು.

ಹಾಗಾಗಿ ಒಂದು ಕಡೆ 100 ನಾಟ್ (ಗಂಟೆಗೆ ಸುಮಾರು 185 ಕಿ.ಮೀ.) ವೇಗದ ಚಿಕ್ಕ ವಿಮಾನದಲ್ಲಿ ಮೊದಲ ಸಲ ಒಂಟಿಯಾಗಿ ಹೊರಟ ವಿದ್ಯಾರ್ಥಿ, ಇನ್ನೊಂದು ಕಡೆ 400 ನಾಟ್ ಮೀರಿ ಹೋಗಬಲ್ಲ ಜೆಟ್‌ನಲ್ಲಿ ಇನ್ನೊಬ್ಬ ವಿದ್ಯಾರ್ಥಿ. ಇಬ್ಬರೂ ಕಲಿಯುವವರೇ. ಇಬ್ಬರನ್ನೂ ದೂರ ಇಡುವುದು ನಕ್ಷೆಯ ಮೇಲಿನ ಒಂದು ಗೆರೆ, ಅಂದರೆ ಬೀದರಿನ ನಿರ್ಬಂಧಿತ ವಾಯುಪ್ರದೇಶದ ಗಡಿ, ಮತ್ತು ಒಂದು ರೇಡಿಯೋ. ಗೆರೆ ಆಕಾಶದಲ್ಲಿ ಕಾಣುವುದಿಲ್ಲ. ರೇಡಿಯೋ ಕೈಕೊಟ್ಟರೆ ಏನು ಮಾಡಬೇಕು ಎಂಬುದನ್ನು ನೆಲದ ಮೇಲೆಯೇ, ಎರಡೂ ಟವರ್‌ಗಳು ಒಪ್ಪಿ, ಒಂದೇ ಮಾತಿನಲ್ಲಿ ತೀರ್ಮಾನಿಸಿ ಬರೆದಿಡಬೇಕು ಎಂಬುದೇ ಈ ಪತ್ರದ ಬೇಡಿಕೆ.

ನಮ್ಮ ದೂರು ಇಷ್ಟೇ. ಸಂಪರ್ಕ ತಪ್ಪಿದ ಘಟನೆಗಳ ವರದಿಯಲ್ಲಿ ಸಾಮಾನ್ಯವಾಗಿ ಕಾಣುವ ವಾಕ್ಯ, "ವಿಮಾನ ಕರೆಗೆ ಉತ್ತರಿಸಲಿಲ್ಲ". ಆ ವಾಕ್ಯದೊಂದಿಗೆ ವಿಚಾರಣೆ ಮುಗಿದು, ವಿದ್ಯಾರ್ಥಿಗೆ ಎಚ್ಚರಿಕೆ ಪತ್ರ ಹೋಗುತ್ತದೆ. ಯಾಕೆ ಉತ್ತರಿಸಲಿಲ್ಲ? ಕೇಳಿಸಲಿಲ್ಲವೋ, ಕೇಳಿಸಿಯೂ ಮಾತು ಹೊರಗೆ ಹೋಗಲಿಲ್ಲವೋ, ಮಧ್ಯೆ ಇನ್ನೊಬ್ಬರ ಮಾತು ಅಡ್ಡ ಬಂತೋ? ಇವು ಬೇರೆಬೇರೆ ದೋಷಗಳು, ಒಂದೊಂದಕ್ಕೂ ಬೇರೆ ಮದ್ದು.

ಮೊದಲನೆಯದು ಎತ್ತರ. ವಿಮಾನಗಳು ಬಳಸುವ 118ರಿಂದ 137 ಮೆಗಾಹರ್ಟ್ಸ್‌ನ ವಿಎಚ್‌ಎಫ್ ತರಂಗ ನೇರ ದೃಷ್ಟಿಯ ಹಾದಿಯಲ್ಲಿ ಮಾತ್ರ ಹೋಗುತ್ತದೆ. ಎತ್ತರವನ್ನು ಅಡಿಯಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 1.23ರಿಂದ ಗುಣಿಸಿದರೆ ಎಷ್ಟು ನಾಟಿಕಲ್ ಮೈಲಿವರೆಗೆ ಕೇಳೀತು ಎಂಬ ಅಂದಾಜು ಸಿಗುತ್ತದೆ. 1,000 ಅಡಿಯಲ್ಲಿ ಸುಮಾರು 39 ಮೈಲಿ, ಅಂದರೆ 72 ಕಿ.ಮೀ. 2,000 ಅಡಿಯಲ್ಲಿ 55 ಮೈಲಿ, 102 ಕಿ.ಮೀ. ಇದು ನೆಲ ಸಪಾಟಾಗಿದ್ದರೆ ಸಿಗುವ ಲೆಕ್ಕ. ನಮ್ಮ ನೆಲ ಸಪಾಟಲ್ಲ. ಬೀದರಿನ ಜಂಬಿಟ್ಟಿಗೆ ಪ್ರಸ್ಥಭೂಮಿ ಕಲಬುರಗಿಗಿಂತ 500 ಅಡಿಗೂ ಹೆಚ್ಚು ಎತ್ತರದಲ್ಲಿದೆ. ಕಲಬುರಗಿಯ ಮೇಲೆ ಆಲ್ಟಿಮೀಟರ್ (ಎತ್ತರದ ಮಾಪಕ) ಸಮುದ್ರಮಟ್ಟದಿಂದ 3,000 ಅಡಿ ತೋರಿಸುವಾಗ ಕೆಳಗಿನ ನೆಲ ಸಾಕಷ್ಟು ದೂರದಲ್ಲಿರುತ್ತದೆ. ಅದೇ 3,000ದಲ್ಲಿ ಹುಮನಾಬಾದ್ ದಾಟಿ ಮುಂದೆ ಹೋದರೆ ನೆಲವೇ ಮೇಲೆದ್ದು ಬಂದಿರುತ್ತದೆ. ಮುಳ್ಳು ಕದಲಿಲ್ಲವಲ್ಲ ಎಂದು ವಿದ್ಯಾರ್ಥಿ ನಿಶ್ಚಿಂತನಾಗಿರುತ್ತಾನೆ, ಹಿಂದಿನ ಟವರಿನ ಧ್ವನಿ ಮಾತ್ರ ಕರಗುತ್ತಾ ಹೋಗುತ್ತದೆ. ಗೆರೆಯ ಹತ್ತಿರ ಹೋದಂತೆಲ್ಲ ಸಂಪರ್ಕ ಸಡಿಲವಾಗುವ ಜಾಗ ಇದು. ಎಲ್ಲಿ ಹೆಚ್ಚು ಬೇಕೋ ಅಲ್ಲಿಯೇ ಕಡಿಮೆ.

ಎರಡನೆಯದು ಮಾತಿನ ಮೇಲೆ ಮಾತು ಬೀಳುವುದು. ವಿಮಾನದ ರೇಡಿಯೋ ಎಎಂ ಪದ್ಧತಿಯದು. ಇಬ್ಬರು ಒಂದೇ ಹೊತ್ತಿಗೆ ಗುಂಡಿ ಒತ್ತಿದರೆ ಕೇಳುವವನ ಕಿವಿಗೆ ಕೀರಲು ಶಬ್ದ ಮಾತ್ರ ಬೀಳುತ್ತದೆ, ಮಾತಾಡಿದ ಇಬ್ಬರಿಗೂ ತಮ್ಮ ಮಾತು ಹೋಯಿತೆಂದೇ ಭ್ರಮೆ. 1977ರ ಮಾರ್ಚ್ 27ರಂದು ಟೆನೆರೀಫ್‌ನಲ್ಲಿ 583 ಜನ ಸತ್ತ ದುರಂತದಲ್ಲಿ, ಅಪಾಯ ತಪ್ಪಿಸಬಹುದಾಗಿದ್ದ ಎರಡು ಸಂದೇಶಗಳು ಹೀಗೆ ಒಂದರ ಮೇಲೊಂದು ಬಿದ್ದು ಹಾಳಾದವು.

ಇದಕ್ಕಿಂತ ಕೆಟ್ಟದ್ದು ಸಿಕ್ಕಿಹಾಕಿಕೊಂಡ ಗುಂಡಿ. ಕಂಟ್ರೋಲ್ ಹಿಡಿಯ ಮೇಲಿನ ಪಿಟಿಟಿ ಗುಂಡಿ (ಒತ್ತಿ ಹಿಡಿದು ಮಾತಾಡುವ ಗುಂಡಿ) ಬೆವರು ಮತ್ತು ಧೂಳು ತುಂಬಿ ಒತ್ತಿದಲ್ಲೇ ನಿಂತುಬಿಡುತ್ತದೆ, ಅಥವಾ ಒಳಗಿನ ತಂತಿ ಸವೆದು ಲೋಹಕ್ಕೆ ತಾಗುತ್ತದೆ. ಆಗ ಆ ಫ್ರೀಕ್ವೆನ್ಸಿಯಲ್ಲಿರುವ ಎಲ್ಲರೂ ಮೂಕರಾಗುತ್ತಾರೆ. ಗುಂಡಿ ಸಿಕ್ಕಿಕೊಂಡ ವಿಮಾನದವನಿಗೆ ಮಾತ್ರ ಅದು ತಿಳಿಯುವುದಿಲ್ಲ. ಪ್ರಸಾರ ಮಾಡುವಾಗ ಅವನ ರಿಸೀವರ್ ಮುಚ್ಚಿರುತ್ತದೆ, ಇವತ್ತು ಆಕಾಶ ಶಾಂತವಾಗಿದೆ ಅಂದುಕೊಂಡು ಹಾರುತ್ತಾನೆ. ಗುರುತು ಒಂದೇ: ರೇಡಿಯೋ ಪರದೆಯ ಅಂಚಿನಲ್ಲಿ ಪ್ರಸಾರದ ಚಿಕ್ಕ ಅಕ್ಷರ ಆರದೆ ಉರಿಯುತ್ತಿರುತ್ತದೆ. ಕೆಲವು ಹೊಸ ರೇಡಿಯೋಗಳು ಅರ್ಧ ನಿಮಿಷದ ಆಸುಪಾಸಿನಲ್ಲಿ ತಾವೇ ಪ್ರಸಾರ ನಿಲ್ಲಿಸುತ್ತವೆ, ಹಳೆಯವು ನಿಲ್ಲಿಸುವುದಿಲ್ಲ. ಎರಡು ನಿಮಿಷ ಯಾರ ದನಿಯೂ ಕೇಳದಿದ್ದರೆ ಆ ಅಕ್ಷರದ ಕಡೆ ಕಣ್ಣು ಹೋಗಬೇಕು. ಉರಿಯುತ್ತಿದ್ದರೆ ಮೈಕ್‌ನ ಪ್ಲಗ್ ಎಳೆಯಬೇಕು, ಅದಕ್ಕೂ ಆರದಿದ್ದರೆ ಆ ರೇಡಿಯೋವನ್ನೇ ಆರಿಸಿ ಎರಡನೆಯದಕ್ಕೆ ಹೋಗಬೇಕು.

ಪ್ಲಗ್ ಎಂದ ಮೇಲೆ ಅದನ್ನೂ ಹೇಳಬೇಕು. ಹೆಡ್‌ಸೆಟ್‌ಗೆ ಎರಡು ಪ್ಲಗ್ ಇರುತ್ತವೆ. ಕೇಳುವುದಕ್ಕೆ ದಪ್ಪದ್ದು, 6.35 ಮಿ.ಮೀ.; ಮಾತಾಡುವುದಕ್ಕೆ ಸ್ವಲ್ಪ ತೆಳ್ಳಗಿನದು, 5.23 ಮಿ.ಮೀ. ತೆಳ್ಳಗಿನದು ಅರ್ಧ ಇಂಚು ಹೊರಗೆ ಜಾರಿದರೂ ಸಾಕು, ಟವರ್ ಹೇಳುವುದೆಲ್ಲ ಕೇಳುತ್ತದೆ, ನಮ್ಮ ಮಾತು ಒಂದೂ ಹೋಗುವುದಿಲ್ಲ. ಮಾತಾಡುವಾಗ ನಮ್ಮ ದನಿ ನಮ್ಮ ಕಿವಿಗೇ ವಾಪಸ್ ಕೇಳದಿದ್ದರೆ ಮೊದಲು ಕೈ ಹೋಗಬೇಕಾದದ್ದು ಆ ಪ್ಲಗ್‌ಗೆ. ಇನ್ನೊಂದು ಬಗೆ ವಿದ್ಯುತ್ತಿನದು. ಆಲ್ಟರ್ನೇಟರ್ ಕೆಟ್ಟು ಬ್ಯಾಟರಿ ಇಳಿಯುತ್ತಿದ್ದಾಗ ಮೊದಲು ಸಾಯುವುದು ಪ್ರಸಾರ, ಏಕೆಂದರೆ ಕೇಳುವುದಕ್ಕಿಂತ ಮಾತಾಡುವುದಕ್ಕೆ ಹಲವು ಪಟ್ಟು ಕರೆಂಟ್ ಬೇಕು. ಕೇಳುತ್ತಿದೆ, ಆದರೆ ಗುಂಡಿ ಒತ್ತಿದಾಗ ಪರದೆ ಮಂಕಾಗುತ್ತದೆ ಎಂದರೆ ಅದು ರೇಡಿಯೋದ ರೋಗವಲ್ಲ, ವಿದ್ಯುತ್ ಪೂರೈಕೆಯದು. ನಮ್ಮ ಕಡೆಯ ಬೇಸಿಗೆಯಲ್ಲಿ ಬಿಸಿಲಲ್ಲಿ ನಿಂತ ವಿಮಾನದ ಪ್ಯಾನೆಲ್ ಹಿಂದಿನ ಉಪಕರಣಗಳು ಬೆಂದುಹೋಗುತ್ತವೆ. ಮಧ್ಯಾಹ್ನದ ಹಾರಾಟಕ್ಕೆ ಮುಂಚೆ ನೆಲದ ಮೇಲಿನ ರೇಡಿಯೋ ತಪಾಸಣೆಯನ್ನು ಎರಡೂ ಸೆಟ್‌ಗಳಲ್ಲಿ ಮಾಡಬೇಕು, ಒಂದರಲ್ಲಿ ಮಾಡಿದರೆ ಸಾಲದು.

ಮೂರನೆಯ ಬಗೆಯ ದೋಷಕ್ಕೆ ಯಂತ್ರ ಕಾರಣವಲ್ಲ. "ಮೌನಂ ಸಮ್ಮತಿ ಲಕ್ಷಣಂ" ಎಂದು ಕೇಳಿ ಬೆಳೆದವರು ನಾವು. ಆಕಾಶದಲ್ಲಿ ಈ ಮಾತು ಪ್ರಾಣಕ್ಕೆ ಕುತ್ತು. ಗೆರೆ ದಾಟಲು ಅನುಮತಿ ಕೇಳಿದಾಗ ಕಂಟ್ರೋಲರ್ "ಸ್ಟ್ಯಾಂಡ್‌ಬೈ" ಎಂದರೆ ಅದು ಒಪ್ಪಿಗೆಯೂ ಅಲ್ಲ, ನಿರಾಕರಣೆಯೂ ಅಲ್ಲ; ಕಾಯಿರಿ ಎಂದಷ್ಟೇ ಅರ್ಥ. "ರೋಜರ್" ಎಂದರೆ ನಿಮ್ಮ ಮಾತು ಪೂರ್ತಿ ಕೇಳಿಸಿತು ಎಂದು ಮಾತ್ರ, ಹೋಗಬಹುದು ಎಂದಲ್ಲ. ವಿದ್ಯಾರ್ಥಿ ಈ ಎರಡನ್ನೂ ಹಸಿರು ದೀಪ ಎಂದು ತಿಳಿದು ಮುಂದೆ ಸಾಗುವ ಸಂಭವವಿದೆ. ಇಂಥ ಕಡೆ ಕಂಟ್ರೋಲರ್ ಇನ್ನೊಂದು ವಾಕ್ಯ ಸೇರಿಸಿದರೆ ಸಾಕು: "ಗಡಿಯ ಹೊರಗೇ ಇರಿ, ಕಾಯಿರಿ." ಅದನ್ನು ಪೈಲಟ್ ತಿರುಗಿ ಹೇಳಬೇಕು. ಎತ್ತರ, ದಿಕ್ಕು, ವೇಗ, ಆಲ್ಟಿಮೀಟರ್ ಒತ್ತಡ, ಟ್ರಾನ್ಸ್‌ಪಾಂಡರ್ (ವಿಮಾನದ ಗುರುತನ್ನು ರಾಡಾರಿಗೆ ಕಳಿಸುವ ಉಪಕರಣ) ಕೋಡ್‌ಗಳ ರೀಡ್‌ಬ್ಯಾಕ್, ಅಂದರೆ ಹೀಗೆ ತಿರುಗಿ ಹೇಳುವುದು, ಹೇಗೂ ಕಡ್ಡಾಯ. ಒತ್ತಡ 1004 ಎಂದದ್ದು 1014 ಎಂದು ಕೇಳಿಸಿದರೆ ಹತ್ತು ಹೆಕ್ಟೋಪಾಸ್ಕಲ್ ವ್ಯತ್ಯಾಸ. ವಿಮಾನ ತಾನು ಅಂದುಕೊಂಡದ್ದಕ್ಕಿಂತ ಸುಮಾರು 270 ಅಡಿ ಕೆಳಗಿರುತ್ತದೆ.

ಸಮಯದ ಗೊಂದಲವೂ ಸಣ್ಣದಲ್ಲ. ನೋಟಾಮ್‌ನಲ್ಲಿ (ಪೈಲಟ್‌ಗಳಿಗೆ ಹೊರಡಿಸುವ ಸೂಚನೆ) ಸಮಯ ಯುಟಿಸಿಯಲ್ಲಿ, ಅಂದರೆ ಅಂತರರಾಷ್ಟ್ರೀಯ ಸಮಯದಲ್ಲಿರುತ್ತದೆ. 0430ರಿಂದ 0730ರವರೆಗೆ ಪ್ರದೇಶ ಸಕ್ರಿಯ ಎಂದಿದ್ದರೆ ನಮ್ಮ ಗಡಿಯಾರದಲ್ಲಿ ಅದು ಬೆಳಿಗ್ಗೆ 10ರಿಂದ ಮಧ್ಯಾಹ್ನ 1. ಇದನ್ನು ನಸುಕಿನ ನಾಲ್ಕೂವರೆ ಎಂದು ಓದಿಕೊಂಡವನು, ಹತ್ತು ಗಂಟೆಗೆ ಹೊರಡುವಾಗ ಎಲ್ಲ ಮುಗಿದಿದೆ ಎಂದೇ ನಂಬುತ್ತಾನೆ. ಶಾಲೆಗಳ ಬ್ರೀಫಿಂಗ್ ಫಲಕದ ಮೇಲೆ ನೋಟಾಮ್‌ನ ಸಮಯವನ್ನು ಎರಡೂ ಗಡಿಯಾರದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಯಿಸಿ. ಖರ್ಚಿಲ್ಲದ ಕೆಲಸ ಇದು. ಗಡಿಯ ಅಕ್ಷಾಂಶ ರೇಖಾಂಶಗಳನ್ನು ನಾವು ಇಲ್ಲಿ ಬೇಕೆಂದೇ ಬರೆದಿಲ್ಲ. ಅವನ್ನು ಎಐಪಿಯ (ದೇಶದ ವಾಯುಯಾನ ಮಾಹಿತಿಯ ಅಧಿಕೃತ ಪುಸ್ತಕ) ಚಾಲ್ತಿ ಪ್ರತಿಯಿಂದಲೇ ನೋಡಬೇಕು. 28 ದಿನಕ್ಕೊಮ್ಮೆ ತಿದ್ದುಪಡಿ ಬರುವ ದಾಖಲೆ ಅದು, ಯಾರದೋ ಟ್ಯಾಬ್‌ನಲ್ಲಿ ಉಳಿದ ಹಳೆಯ ನಕ್ಷೆಯನ್ನು ನಂಬುವಂತಿಲ್ಲ.

ಇನ್ನೊಂದು ಮಾತು. ಸೇನಾ ವಿಮಾನಗಳು ಯುಎಚ್‌ಎಫ್‌ನಲ್ಲಿಯೂ, ಅಂದರೆ 225ರಿಂದ 400 ಮೆಗಾಹರ್ಟ್ಸ್‌ನಲ್ಲಿಯೂ ಮಾತಾಡುತ್ತವೆ. ಚಿಕ್ಕ ವಿಮಾನದ ರೇಡಿಯೋ ಅದನ್ನು ಕೇಳಲಾರದು. ಆದ್ದರಿಂದ ಫ್ರೀಕ್ವೆನ್ಸಿಯಲ್ಲಿ ಯಾರ ಮಾತೂ ಇಲ್ಲ ಎಂದ ಮಾತ್ರಕ್ಕೆ ಆಕಾಶ ಖಾಲಿ ಇದೆ ಎಂದಾಗುವುದಿಲ್ಲ. ಎರಡೂ ಬಗೆಯ ಸಂಚಾರ ಒಟ್ಟಿಗೆ ಇರುವ ಹೊತ್ತಿನಲ್ಲಿ, ನಾಗರಿಕ ಪೈಲಟ್‌ಗೆ ಕೇಳದ ಬದಿಯ ಸಂಚಾರವನ್ನು ಕಂಟ್ರೋಲರ್ ಆಗಾಗ ವಿಎಚ್‌ಎಫ್‌ನಲ್ಲಿ ಒಂದು ಸಾಲಿನಲ್ಲಿ ಹೇಳುವ ರೂಢಿ ಬೇಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. ಸಂಪರ್ಕ ತಪ್ಪಿದಾಗ ಕಾಕ್‌ಪಿಟ್‌ನಲ್ಲಿ ನೋಡಬೇಕಾದದ್ದು ಬಹಳ ಇದೆ: ವಾಲ್ಯೂಮ್, ಸ್ಕ್ವೆಲ್ಚ್ (ಹಿನ್ನೆಲೆಯ ಗದ್ದಲ ತಡೆಯುವ ಗುಂಡಿ), ಸಕ್ರಿಯ ಕಿಟಕಿಯಲ್ಲಿರುವ ಫ್ರೀಕ್ವೆನ್ಸಿ ಸರಿಯೇ ಅಥವಾ ಕಾಯ್ದಿರಿಸಿದ್ದರಲ್ಲೇ ಉಳಿಯಿತೇ, ಆಡಿಯೋ ಪ್ಯಾನೆಲ್‌ನಲ್ಲಿ ಒತ್ತಿರುವುದು ಯಾವ ರೇಡಿಯೋ, ಪ್ಲಗ್‌ಗಳು, ಸರ್ಕ್ಯೂಟ್ ಬ್ರೇಕರ್, ವೋಲ್ಟ್ ಮೀಟರ್, ಎರಡನೇ ಸೆಟ್, ಹಿಂದಿನ ಫ್ರೀಕ್ವೆನ್ಸಿ, ಕೊನೆಗೆ ತುರ್ತು ಫ್ರೀಕ್ವೆನ್ಸಿ 121.5. ಅವಸರವಿಲ್ಲದೆ ಮಾಡಿದರೆ ಎರಡು ನಿಮಿಷ ಬೇಕು. 100 ನಾಟ್‌ನಲ್ಲಿ ಎರಡು ನಿಮಿಷ ಎಂದರೆ 6 ಕಿ.ಮೀ. 420 ನಾಟ್‌ನ ಜೆಟ್ ಆ ಹೊತ್ತಿನಲ್ಲಿ 26 ಕಿ.ಮೀ. ಸಾಗಿರುತ್ತದೆ. ವಿದ್ಯಾರ್ಥಿ ತಲೆ ತಗ್ಗಿಸಿ ಗುಂಡಿಗಳನ್ನು ಹುಡುಕುತ್ತಿರುವ ಈ ಎರಡು ನಿಮಿಷಗಳಲ್ಲಿಯೇ ವಿಮಾನ ಗೆರೆ ದಾಟುತ್ತದೆ.

ಆದ್ದರಿಂದ ಕ್ರಮ ತಲೆಕೆಳಗಾಗಬೇಕು. ಮೊದಲು ತಿರುಗಬೇಕು, ಆಮೇಲೆ ರೇಡಿಯೋ ನೋಡಬೇಕು. ಗೆರೆಯಿಂದ 10 ಕಿ.ಮೀ. ಒಳಗಿದ್ದು ಎರಡು ಕರೆಗೆ ಉತ್ತರ ಬಾರದಿದ್ದರೆ, ಕಾರಣ ಹುಡುಕದೆ, ಎತ್ತರ ಬದಲಿಸದೆ, ಸಾಮಾನ್ಯ ವೇಗದ ತಿರುವಿನಲ್ಲಿ ನೈಋತ್ಯಕ್ಕೆ, ಅಂದರೆ ಭೀಮಾ ನದಿಯ ಕಡೆಗೆ ಮೂತಿ ತಿರುಗಿಸಬೇಕು. ಸೆಕೆಂಡಿಗೆ ಮೂರು ಡಿಗ್ರಿಯ ತಿರುವಿನಲ್ಲಿ ಪೂರ್ತಿ ಹಿಂದೆ ತಿರುಗಲು ಒಂದು ನಿಮಿಷ ಸಾಕು; 100 ನಾಟ್‌ನಲ್ಲಿ ಆ ತಿರುವಿಗೆ ಮುಂದಕ್ಕೆ ಬೇಕಾಗುವುದು 1 ಕಿ.ಮೀ., ಅಡ್ಡಕ್ಕೆ 2 ಕಿ.ಮೀ. ಹಿಂದೆ ತಿರುಗಿ ನೇರವಾದ ಮೇಲೆ ಟ್ರಾನ್ಸ್‌ಪಾಂಡರ್‌ನಲ್ಲಿ 7600, ಅಂದರೆ ರೇಡಿಯೋ ಕೆಟ್ಟಿದೆ ಎಂಬ ಸಂಕೇತ. ಆಮೇಲೆ ಎರಡು ಸಲ ಕುರುಡು ಪ್ರಸಾರ, ಅಂದರೆ ಉತ್ತರಕ್ಕೆ ಕಾಯದೆ ಹೇಳಿಬಿಡುವುದು: ಯಾರು, ಎಲ್ಲಿ, ಎಷ್ಟು ಎತ್ತರ, ಎತ್ತ ಹೋಗುತ್ತಿದ್ದೇವೆ, ಮುಂದಿನ ಪ್ರಸಾರ ಯಾವಾಗ. ಇಷ್ಟಾದ ಮೇಲೆ ಪ್ಲಗ್, ವಾಲ್ಯೂಮ್, ಬ್ರೇಕರ್. ಭೀಮೆ ಎಂದದ್ದು ಸುಮ್ಮನೆ ಅಲ್ಲ. ಗಾಬರಿಯಲ್ಲಿ ದಿಕ್ಸೂಚಿಯ ಅಂಕಿ ಮರೆಯುತ್ತದೆ, ನದಿ ಮರೆಯುವುದಿಲ್ಲ. ಶಹಾಬಾದ್, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗಳ ಚಿಮಣಿಗಳೂ ತೊಗರಿ ಹೊಲಗಳ ಆಚೆ ಗುರುತು ಹಿಡಿಯಲು ಸುಲಭ.

ಇಲ್ಲಿ ಒಂದು ತೊಡಕನ್ನು ನೀವೇ ಬಿಡಿಸಿಕೊಡಬೇಕು. ಕಣ್ಣಿಗೆ ಕಾಣುವ ಹವೆಯಲ್ಲಿ ಹಾರುವ ವಿಮಾನ ರೇಡಿಯೋ ಕೆಟ್ಟರೆ, ಅದೇ ಹವೆಯಲ್ಲಿ ಮುಂದುವರಿದು ಅತಿ ಹತ್ತಿರದ ಸೂಕ್ತ ನಿಲ್ದಾಣದಲ್ಲಿ ಇಳಿಯಬೇಕು ಎಂಬುದು ಅಂತರರಾಷ್ಟ್ರೀಯ ನಿಯಮ. ಹುಮನಾಬಾದ್ ಆಚೆ ಅತಿ ಹತ್ತಿರದ ನಿಲ್ದಾಣ ಯಾವುದು? ಬೀದರ್. ನಿಯಮವನ್ನು ಅಕ್ಷರಶಃ ಪಾಲಿಸಿದ ವಿದ್ಯಾರ್ಥಿ, ದನಿಯಿಲ್ಲದ ವಿಮಾನದೊಂದಿಗೆ, ಜೆಟ್‌ಗಳು ಸುತ್ತು ಹೊಡೆಯುತ್ತಿರುವ ರನ್‌ವೇಗೆ ಹೋಗುತ್ತಾನೆ. ಅವನ ತಪ್ಪು ಎನ್ನಲಾಗದು, ಸರಿ ಎನ್ನಲೂ ಆಗದು. ರೇಡಿಯೋ ಮಾತ್ರ ಕೆಟ್ಟಿದ್ದರೆ ಕಲಬುರಗಿಗೇ ಮರಳಬೇಕು, ಎಂಜಿನ್ ಅಥವಾ ಇಂಧನದ ತೊಂದರೆಯೂ ಸೇರಿದ್ದರೆ ಬೀದರಿಗೆ ಹೋಗಬಹುದು, ಆಗ ತುರ್ತು ಸಂಕೇತವಾದ 7700 ಹಾಕಬೇಕು, ಯಾವ ಬದಿಯಿಂದ ಒಳಬರಬೇಕು ಎಂಬುದನ್ನು ಎರಡೂ ಟವರ್‌ಗಳ ನಡುವಿನ ಒಪ್ಪಂದ ಪತ್ರದಲ್ಲಿ ಎರಡೇ ಸಾಲಿನಲ್ಲಿ ಬರೆದು, ಶಾಲೆಗಳಿಗೆ ಪ್ರತಿ ಕೊಡಿ.

ನೆಲದ ಕಡೆಯೂ ಕ್ರಮ ಬೇಕು. ಉತ್ತರ ಬಾರದ ವಿಮಾನಕ್ಕೆ ಕಂಟ್ರೋಲರ್ ಮೊದಲು ಕೇಳಬೇಕಾದದ್ದು, "ನಿಮಗೆ ಕೇಳುತ್ತಿದ್ದರೆ ಐಡೆಂಟ್ ಒತ್ತಿ" (ಟ್ರಾನ್ಸ್‌ಪಾಂಡರ್‌ನ ಗುರುತು ತೋರಿಸುವ ಗುಂಡಿ) ಅಥವಾ "ಎಡಕ್ಕೆ ತಿರುಗಿ". ರಾಡಾರ್ ಪರದೆಯ ಮೇಲೆ ಗುರುತು ಮಿನುಗಿದರೆ ಕೆಟ್ಟಿರುವುದು ಮೈಕ್ ಮಾತ್ರ. ಅಲ್ಲಿಂದ ಮುಂದೆ ಹೌದು–ಅಲ್ಲ ಪ್ರಶ್ನೆಗಳಲ್ಲೇ ವಿಮಾನವನ್ನು ಮನೆಗೆ ತರಬಹುದು. ಆದರೆ ಪರದೆ ಇಲ್ಲದ ಟವರಿಗೆ 7600 ಕಾಣುವುದಿಲ್ಲ. ಅದಕ್ಕೇ ಎರಡು ಘಟಕಗಳ ನಡುವೆ ನೇರ ಫೋನ್ ಲೈನ್, ದಿನಾ ಬೆಳಿಗ್ಗೆ ಅದರ ತಪಾಸಣೆ, ಮತ್ತು ಅದು ಕೆಟ್ಟ ದಿನಕ್ಕೆ ಬದಲಿ ಸಂಖ್ಯೆ ಬೇಕೇ ಬೇಕು. "ಇಂಥ ವಿಮಾನ ಸಿಗುತ್ತಿಲ್ಲ, ಕೊನೆಯ ಜಾಗ ಇದು, ಭೀಮೆಯ ಕಡೆ ತಿರುಗಿರಬೇಕು" ಎಂಬ ಮಾತು ಒಂದು ನಿಮಿಷದೊಳಗೆ ಆಚೆ ತಲುಪಿದರೆ, ವಾಯುಪಡೆಯ ಕಂಟ್ರೋಲರ್ ತನ್ನ ಜೆಟ್‌ಗಳನ್ನು ಆ ಮೂಲೆಯಿಂದ ಸರಿಸಿ ಇಡಬಹುದು. ತಿರುವಿನ ದಿಕ್ಕು ಮೊದಲೇ ಗೊತ್ತಿರುವುದರ ಲಾಭ ಇದು.

ರೇಡಿಯೋ ಇಲ್ಲದ ವಿಮಾನಕ್ಕೆ ಟವರ್ ತೋರಿಸುವ ದೀಪದ ಭಾಷೆಯೂ ಮಕ್ಕಳ ಬಾಯಲ್ಲಿರಬೇಕು. ಸ್ಥಿರ ಹಸಿರು, ಇಳಿಯಬಹುದು. ಸ್ಥಿರ ಕೆಂಪು, ದಾರಿ ಬಿಟ್ಟು ಸುತ್ತುತ್ತಿರಿ. ಮಿನುಗುವ ಕೆಂಪು, ನಿಲ್ದಾಣ ಸುರಕ್ಷಿತವಲ್ಲ, ಇಳಿಯಬೇಡಿ. ಕಂಡಿತೆಂದು ತಿಳಿಸಲು ಹಗಲಲ್ಲಿ ರೆಕ್ಕೆ ಆಡಿಸಬೇಕು. ನಿರ್ಬಂಧಿತ ಪ್ರದೇಶಕ್ಕೆ ಅನುಮತಿಯಿಲ್ಲದೆ ಹೊಕ್ಕ, ಹೊಗುತ್ತಿರುವ ವಿಮಾನಕ್ಕೆ ನೆಲದಿಂದ ಹತ್ತು ಸೆಕೆಂಡಿಗೊಂದರಂತೆ ಕೆಂಪು–ಹಸಿರು ನಕ್ಷತ್ರ ಉದುರಿಸುವ ಸಿಡಿಗುಂಡು ಹಾರಿಸುವ ಸಂಕೇತವೂ ಪುಸ್ತಕದಲ್ಲಿದೆ. ಅದನ್ನು ಪರೀಕ್ಷೆಗಾಗಿ ಓದಿ ಮರೆಯುತ್ತಾರೆ. ಕಂಡಾಗ ಪಟಾಕಿ ಎಂದುಕೊಳ್ಳದಿರಲು ಒಂದು ಸಲವಾದರೂ ಅದರ ಚಿತ್ರ ನೋಡಿರಬೇಕು.

1996ರ ನವೆಂಬರ್ 12ರಂದು ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನಗಳು ಡಿಕ್ಕಿಯಾಗಿ 349 ಜನ ತೀರಿಕೊಂಡರು. 15,000 ಅಡಿಯಲ್ಲಿ ಇರಬೇಕಿದ್ದ ವಿಮಾನ ಕೆಳಗಿಳಿದಿತ್ತು, ಎದುರಿನದು 14,000ದಲ್ಲಿತ್ತು. ಆಗ ದೆಹಲಿಯ ಸುತ್ತಲಿನ ಆಕಾಶದ ಬಹುಪಾಲು ಸೇನೆಗೆ ಮೀಸಲಾಗಿದ್ದು, ಬರುವ ಮತ್ತು ಹೋಗುವ ನಾಗರಿಕ ವಿಮಾನಗಳಿಗೆ ಇದ್ದದ್ದು ಒಂದೇ ಓಣಿ. ಸೇನೆಗೆ ಆಕಾಶ ಬೇಕು, ಅದರಲ್ಲಿ ಎರಡು ಮಾತಿಲ್ಲ. ಇಕ್ಕಟ್ಟಾದ ಓಣಿಯಲ್ಲಿ ಒಂದು ಮಾತು ತಪ್ಪಿದರೆ ಏನಾಗುತ್ತದೆ ಎಂಬುದನ್ನು ಈ ದೇಶ ಒಮ್ಮೆ ನೋಡಿದೆ. ಹಾಗಾಗಿಯೇ ಬೀದರಿನ ಪ್ರದೇಶ ಬಳಕೆಯಲ್ಲಿ ಇಲ್ಲದ ಹೊತ್ತನ್ನು ಆಯಾ ದಿನವೇ ಕಲಬುರಗಿಗೆ ತಿಳಿಸುವ ವ್ಯವಸ್ಥೆ ಗಟ್ಟಿಯಾಗಲಿ. ಜೆಟ್‌ಗಳು ಇಳಿದ ಮೇಲೂ ಮುಚ್ಚಿದ ಬಾಗಿಲಿನ ಮುಂದೆ ಚಿಕ್ಕ ವಿಮಾನಗಳು ಒಂದೇ ಮೂಲೆಯಲ್ಲಿ ಗುಂಪಾಗುವುದು ಯಾರಿಗೂ ಕ್ಷೇಮವಲ್ಲ.

ವರದಿಯ ಬಗ್ಗೆ ಒಂದು ಪ್ರಾರ್ಥನೆ. ಸಂಪರ್ಕ ತಪ್ಪಿದ ಪ್ರತಿ ಘಟನೆಯಲ್ಲೂ ಟವರಿನ ಧ್ವನಿಮುದ್ರಣವನ್ನು ಪೈಲಟ್, ಬೋಧಕ ಮತ್ತು ರೇಡಿಯೋ ತಂತ್ರಜ್ಞ ಒಟ್ಟಿಗೆ ಕೂತು ಕೇಳಲಿ. ಮುದ್ರಣವನ್ನು ಕನಿಷ್ಠ 30 ದಿನ ಇಡಬೇಕೆಂಬ ನಿಯಮ ಇದೆ. ಪತ್ರ ವ್ಯವಹಾರದಲ್ಲೇ ಆ ದಿನಗಳು ಕಳೆಯದಿರಲಿ. ಖಾಲಿ ಪ್ರಸಾರದ ಗುಂಯ್ ಶಬ್ದ, ಮಾತಿನ ಮೇಲೆ ಮಾತು ಬಿದ್ದ ಕೀರಲು, ಪೂರ್ತಿ ನಿಶ್ಶಬ್ದ, ಈ ಮೂರನ್ನೂ ಕೇಳಿ ಬೇರೆ ಮಾಡಲು ಅನುಭವಿ ಕಿವಿಗೆ ಒಂದು ನಿಮಿಷ ಸಾಕು. ತಾನಾಗಿ ಬಂದು ತಪ್ಪು ಹೇಳಿಕೊಂಡ ವಿದ್ಯಾರ್ಥಿಯನ್ನು ಶಿಕ್ಷಿಸಿದರೆ, ಮುಂದಿನವನು ಹೇಳುವುದಿಲ್ಲ, ಸವೆದ ತಂತಿ ಹಾಗೇ ಉಳಿಯುತ್ತದೆ. ಅದೇ ರೀತಿ ಕಲಬುರಗಿಗೆ ಮರಳುವ ಬದಲು ಬೇರೆಲ್ಲಾದರೂ ಇಳಿದವರು ಕೂಡಲೇ ಫೋನ್ ಮಾಡುವುದನ್ನು ಕಡ್ಡಾಯಗೊಳಿಸಿ. ಬರಬೇಕಾದ ಸಂದೇಶ 30 ನಿಮಿಷವಾದರೂ ಬಾರದಿದ್ದರೆ ಹುಡುಕಾಟದ ಮೊದಲ ಹಂತ ತೆರೆಯುತ್ತದೆ. ಒಂದು ಕರೆಯಿಂದ ಎಷ್ಟೋ ಜನರ ಎದೆಬಡಿತ ಇಳಿಯುತ್ತದೆ.

ಏಪ್ರಿಲ್–ಮೇ ತಿಂಗಳಲ್ಲಿ ಮಧ್ಯಾಹ್ನದ ನಂತರ ಈ ಸೀಮೆಯ ಮೇಲೆ ಗುಡುಗಿನ ಮೋಡ ಏಳುತ್ತದೆ. ಆಗ ಎಲ್ಲ ವಿಮಾನಗಳೂ ಮೋಡ ತಪ್ಪಿಸಲು ದಿಕ್ಕು ಬದಲಿಸಲು ಒಟ್ಟಿಗೆ ಅನುಮತಿ ಕೇಳುತ್ತವೆ, ಮಿಂಚಿನ ಚಟಚಟ ರೇಡಿಯೋದಲ್ಲಿ ತುಂಬುತ್ತದೆ, ಮೋಡವೇ ವಿಮಾನವನ್ನು ಗೆರೆಯ ಕಡೆ ತಳ್ಳುತ್ತದೆ. ಆ ದಿನಗಳು ಬರುವ ಮುನ್ನ ಒಂದು ಅಣಕು ಅಭ್ಯಾಸ ಮಾಡಿಸಿ. ಬೋಧಕ ಜೊತೆಗಿರುವ ಒಂದೇ ವಿಮಾನ, ಬೆಳಗಿನ ತಿಳಿ ಹವೆ, ಎರಡೂ ಟವರಿಗೆ ಮುಂಚಿತ ಸೂಚನೆ. ಕಮಲಾಪುರದ ಮೇಲೆ ಬೋಧಕ ವಿದ್ಯಾರ್ಥಿಯ ವಾಲ್ಯೂಮ್ ಇಳಿಸಲಿ, ತಾನು ಎರಡನೇ ಸೆಟ್‌ನಲ್ಲಿ ಕೇಳುತ್ತಿರಲಿ. ವಿದ್ಯಾರ್ಥಿ ತಿರುಗಲು ಎಷ್ಟು ಸೆಕೆಂಡ್ ಹಿಡಿಯಿತು, 7600 ಯಾರ ಪರದೆಯಲ್ಲಿ ಯಾವಾಗ ಕಂಡಿತು, ಕಲಬುರಗಿಯಿಂದ ಬೀದರಿಗೆ ಫೋನ್ ಮುಟ್ಟಲು ಎಷ್ಟು ಹೊತ್ತಾಯಿತು, ಟವರಿನ ಹಸಿರು ದೀಪ ಎಷ್ಟು ದೂರದಿಂದ ಕಂಡಿತು, ಈ ನಾಲ್ಕು ಅಂಕಿಗಳನ್ನು ಬರೆದುಕೊಳ್ಳಿ. ಆ ಅಂಕಿಗಳನ್ನು ಇಟ್ಟುಕೊಂಡು ಎರಡೂ ಕಡೆಯವರು ಒಂದು ಮೇಜಿನ ಸುತ್ತ ಕೂಡುವ ದಿನ ಗೊತ್ತುಪಡಿಸಿದರೆ, ಬೋಧಕರೂ ತಂತ್ರಜ್ಞರೂ ತಮ್ಮ ಕಡತ, ಸವೆದ ಪ್ಲಗ್‌ಗಳ ಮಾದರಿ ಸಮೇತ ಬರಲು ಸಿದ್ಧರಿದ್ದೇವೆ.

ಇತಿ ತಮ್ಮ ವಿಶ್ವಾಸಿಗಳು,
ಕಲಬುರಗಿ ಭಾಗದ ಕೆಲವು ಹಾರಾಟ ಬೋಧಕರು ಮತ್ತು ವಿಮಾನ ರೇಡಿಯೋ ತಂತ್ರಜ್ಞರು